ಕಾಲಿಗೆ ನೆಲ ಸಿಗೋ ಬೈಕು

2023ರ ಜೂನ್ ತಿಂಗಳ ಒಂದು ಮಧ್ಯಾಹ್ನ. ಆಫೀಸಿನಲ್ಲಿ ಮೀಟಿಂಗ್ ನಡೀತಿತ್ತು, ನಾನು ಮ್ಯೂಟ್‌ನಲ್ಲಿದ್ದೆ. ಟೇಬಲ್ ಮೇಲಿದ್ದ ಫೋನು ಗುರ್ ಅಂತು. ಕಾಲೇಜು ಗೆಳತಿಯ ಮೆಸೇಜು. “ಲೇ, ನಿನ್ ಹಿಮಾಲಯನ್ ನಿಲ್ಲಿಸ್ತಾರಂತೆ ಕಣೇ. ಹೊಸ ಎಂಜಿನ್ ಬರ್ತಿದೆಯಂತೆ.”

“ನಿನ್ ಹಿಮಾಲಯನ್” ಅಂದಿದ್ದು ಅವಳ ತಮಾಷೆ. ಆಗಿನ್ನೂ ನಾನು ಅದನ್ನು ಕೊಂಡೇ ಇರಲಿಲ್ಲ. ಎರಡು ವರ್ಷದಿಂದ ತಿಂಗಳಿಗಿಷ್ಟು ಅಂತ ಆರ್‌ಡಿ ಕಟ್ಟುತ್ತಿದ್ದೆ, ಅಷ್ಟೇ. ಅದು ಮುಗಿಯೋದು ಡಿಸೆಂಬರ್‌ಗೆ. ಲ್ಯಾಪ್‌ಟಾಪಿನ ವಾಲ್‌ಪೇಪರ್ ಮಾತ್ರ ಆಗಲೇ ಹಿಮಾಲಯನ್ ಆಗಿತ್ತು. ಕೊಳ್ಳದ ಬೈಕು ನಿಂತುಹೋಗುತ್ತೆ ಅಂತ ಯಾರಾದ್ರೂ ಸಂಕಟಪಡ್ತಾರಾ ಅಂತ ನಗಬೇಡಿ. ಆ ಮೀಟಿಂಗಿನಲ್ಲಿ ಏನು ತೀರ್ಮಾನ ಆಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಯಾಕೆ ಅಷ್ಟು ಸಂಕಟ ಅಂತ ಹೇಳಬೇಕಾದರೆ ನನ್ನ ಎತ್ತರದಿಂದ ಶುರು ಮಾಡಬೇಕು. ನಾನು ಐದು ಅಡಿ ಎರಡು ಇಂಚು. ಬಸ್ಸಿನಲ್ಲಿ ಮೇಲಿನ ಕಂಬಿ ಸಿಗಲ್ಲ, ಅಡುಗೆಮನೆಯ ಮೇಲಿನ ಶೆಲ್ಫು ಸಿಗಲ್ಲ. ಇವೆಲ್ಲ ನಡೆಯುತ್ತೆ. ಬೈಕಿನಲ್ಲಿ ಮಾತ್ರ ನಡೆಯಲ್ಲ. ಇನ್ನೂರು ಕೆಜಿ ತೂಕದ ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಕಾಲಿಗೆ ನೆಲ ಸಿಗದಿದ್ದರೆ ಅದು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಒಂದು ಪಕ್ಕಕ್ಕೆ ಮಲಗುತ್ತೆ. ಸುತ್ತ ಇರೋರೆಲ್ಲ ನೋಡ್ತಾರೆ.

ದೂರ ಹೋಗೋಕೆ ಅಂತ ಮಾಡಿದ ಬೈಕುಗಳೆಲ್ಲ ಎತ್ತರದವು. ಕೆಟ್ಟ ರಸ್ತೆಯಲ್ಲಿ ಕಲ್ಲು ಹೊಟ್ಟೆಗೆ ತಾಗಬಾರದು, ಸಸ್ಪೆನ್ಶನ್‌ಗೆ ಕೆಳಗೆ ಮೇಲೆ ಆಡೋಕೆ ಜಾಗ ಬೇಕು. ಆದ್ದರಿಂದ ಸೀಟೂ ಮೇಲೆ ಹೋಗುತ್ತೆ. ಆಗ ಸಿಗುತ್ತಿದ್ದ ಕೆಟಿಎಂ 390 ಅಡ್ವೆಂಚರ್‌ನ ಸೀಟು 855 ಮಿಲಿಮೀಟರ್ ಎತ್ತರ. ಅದರ ಮೇಲೆ ಕೂತಾಗ ನನಗೆ ಅಟ್ಟದ ಮೇಲೆ ಕೂತ ಹಾಗೆ ಆಯ್ತು. ಹೀರೋ ಎಕ್ಸ್‌ಪಲ್ಸ್ ಕೂಡ 820 ದಾಟುತ್ತೆ. ಮೀಟಿಯಾರ್ 350 ತಗ್ಗು, 765, ಆರಾಮ ಕುರ್ಚಿ. ಆದರೆ ನಮ್ಮ ಮಲೆನಾಡಿನ ಒಳರಸ್ತೆಗಳಲ್ಲಿ ಅದರ ಹೊಟ್ಟೆ ನೆಲಕ್ಕೆ ಬಡಿದುಕೊಳ್ಳುತ್ತೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಇವೆರಡರ ನಡುವೆ ಇತ್ತು. ನೆಲದಿಂದ ಗಾಡಿಯ ಹೊಟ್ಟೆಗೆ 220 ಮಿ.ಮೀ., ಮುಂದೆ 21 ಇಂಚಿನ ದೊಡ್ಡ ಚಕ್ರ, ಆದರೂ ಸೀಟು 800 ಮಾತ್ರ. ಎರಡೂ ಪಾದಗಳ ಮುಂಭಾಗ ನೆಲ ಮುಟ್ಟುತ್ತಿತ್ತು. ಅದು ಮೊದಲ ಸಲ ಮುಟ್ಟಿದ ದಿನ ನಾನು ಶೋರೂಮಿನಲ್ಲೇ ಹಲ್ಲು ಬಿಟ್ಟುಕೊಂಡು ಕೂತಿದ್ದೆ. ಸೇಲ್ಸ್ ಹುಡುಗ ಮೈಲೇಜು, ಇಎಂಐ ಎಲ್ಲಾ ನನ್ನ ತಮ್ಮನಿಗೆ ವಿವರಿಸುತ್ತಿದ್ದ. ತಮ್ಮನಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸೋಕೆ ಬರಲ್ಲ.

ಅದಕ್ಕೇ ಗೆಳತಿಯ ಮೆಸೇಜು ಹೊಟ್ಟೆಯೊಳಗೆ ಕಲಸಿದ ಹಾಗೆ ಮಾಡಿದ್ದು. ಹೊಸದು ಬರುತ್ತೆ, ಸರಿ. ಅದರ ಸೀಟು ಎಷ್ಟು ಎತ್ತರ? ಆಗ ಅದನ್ನು ಹೇಳೋರು ಯಾರೂ ಇರಲಿಲ್ಲ. ಟೆಸ್ಟಿಂಗ್ ಗಾಡಿಯ ಮಸುಕು ಫೋಟೋಗಳಷ್ಟೇ ಓಡಾಡುತ್ತಿದ್ದವು. ಅದರ ಮೇಲೆ ಕೂತವರೆಲ್ಲ ಆರಡಿ ಆಳುಗಳ ಥರ ಕಾಣ್ತಿದ್ರು.

ಗಾಡಿ ನಿಲ್ಲುತ್ತೆ ಅನ್ನೋ ಸುದ್ದಿ ಹಿಮಾಲಯನ್‌ಗೆ ಹೊಸದೇನಲ್ಲ. 2016ರ ಮಾರ್ಚ್‌ನಲ್ಲಿ ಅದು ಬಂದಾಗ ಕಾರ್ಬ್ಯುರೇಟರ್ ಇತ್ತು. 2017ರಲ್ಲಿ ಬಿಎಸ್-4 ನಿಯಮ ಬಂತು, ಗಾಡಿ ಹೋಯ್ತು ಅಂದ್ರು. ಫ್ಯುಯೆಲ್ ಇಂಜೆಕ್ಷನ್ ಹಾಕಿಕೊಂಡು ವಾಪಸ್ ಬಂತು. 2020ರಲ್ಲಿ ಬಿಎಸ್-6. ಆಗ ನಿಜವಾಗಿಯೂ ಎಷ್ಟೋ ಗಾಡಿಗಳು ಹೋದವು. ಅದೇ ಕಂಪನಿಯ 500 ಸಿಸಿ ಎಂಜಿನ್ ಪೂರ್ತಿ ನಿಂತಿತು. ದೊಡ್ಡಪ್ಪನ ಮಗನ ಹತ್ತಿರ ಇರೋ ಥಂಡರ್‌ಬರ್ಡ್, ಒಂದು ಕಾಲಕ್ಕೆ ದೂರ ಪ್ರಯಾಣ ಅಂದ್ರೆ ಅದೇ ಅನ್ನೋ ಹಾಗಿದ್ದ ಗಾಡಿ, ಅದೂ ನಿಂತು ಅದರ ಜಾಗಕ್ಕೆ ಮೀಟಿಯಾರ್ ಬಂತು. ಹಿಮಾಲಯನ್ ಮಾತ್ರ ಉಳಿಯಿತು. 2021ರ ಕೊನೆಯಲ್ಲಿ ಎರಡು ಹಿಮಾಲಯನ್‌ಗಳು ಅಂಟಾರ್ಕ್ಟಿಕಾದ ಹಿಮದ ಮೇಲೆ ದಕ್ಷಿಣ ಧ್ರುವದ ತನಕ ಹೋಗಿಬಂದವು. ಅಷ್ಟು ಮಾಡಿದ ಗಾಡಿಯನ್ನು ಯಾರು ನಿಲ್ಲಿಸ್ತಾರೆ ಅಂತ ನಾನು ಅಂದುಕೊಂಡಿದ್ದೆ. ದಡ್ಡತನ. ಧ್ರುವಕ್ಕೆ ಹೋಗಿಬಂದದ್ದು ಜಾಹೀರಾತಿಗೆ ಆಗುತ್ತೆ, ಕಾರ್ಖಾನೆಯ ಲೆಕ್ಕಕ್ಕೆ ಆಗಲ್ಲ.

ಲೆಕ್ಕ ಏನು ಅಂತ ಆ ವಾರ ಕೂತು ಓದಿದೆ. ನಾನು ಬ್ಯಾಂಕಿಂಗ್ ಸಾಫ್ಟ್‌ವೇರ್ ಬರೆಯೋಳು, ಮೆಕ್ಯಾನಿಕಲ್ ಅಲ್ಲ. ಆದರೂ ಅರ್ಥವಾಗೋ ವಿಷಯ. ಅದೇ ಕಂಪನಿಯ 349 ಸಿಸಿ ಎಂಜಿನ್ ಮೀಟಿಯಾರ್‌ನಲ್ಲಿದೆ, ಕ್ಲಾಸಿಕ್‌ನಲ್ಲಿದೆ, ಹಂಟರ್‌ನಲ್ಲಿದೆ. ಆ ವರ್ಷ ಬುಲೆಟ್‌ಗೂ ಅದೇ ಬಂತು. ಸರ್ಕಾರ ಹೊಗೆ ನಿಯಮವನ್ನು ಒಂದು ಹೆಜ್ಜೆ ಬಿಗಿ ಮಾಡಿದರೆ ಆ ಎಂಜಿನ್ ಸರಿಮಾಡೋ ಖರ್ಚು ನಾಲ್ಕು ಗಾಡಿಗಳ ಮೇಲೆ ಹರಡುತ್ತೆ. ಹಿಮಾಲಯನ್‌ನ 411 ಸಿಸಿ ಎಂಜಿನ್ ಇದ್ದದ್ದು ಅದರಲ್ಲಿ, ಮತ್ತೆ 2022ರಲ್ಲಿ ಬಂದ ಅದರ ತಮ್ಮ ಸ್ಕ್ರಾಮ್‌ನಲ್ಲಿ. ಒಂದೇ ಮನೆಗೆ ಅಂತ ಬೋರ್‌ವೆಲ್ ಹಾಕಿಸಿದ ಹಾಗೆ. ಅದರ ಮೇಲೆ ಅದು ಗಾಳಿಯಲ್ಲಿ ತಣ್ಣಗಾಗೋ ಎಂಜಿನ್. ಗಾಳಿಗೆ ಬಿಟ್ಟ ಎಂಜಿನ್ನಿನ ಬಿಸಿ ಏರುತ್ತೆ ಇಳಿಯುತ್ತೆ, ಹೊಗೆಯನ್ನು ಒಂದೇ ಅಳತೆಯಲ್ಲಿ ಹಿಡಿಯೋದು ಕಷ್ಟ. ಕೂಲೆಂಟ್ ಓಡಾಡೋ ಎಂಜಿನ್ನಾದರೆ ಬಿಸಿ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತೆ. ಹೆದ್ದಾರಿಯಲ್ಲಿ ನೂರರ ಮೇಲೆ ಹೋಗೋಕೆ ಹಳೇದಕ್ಕೆ ದಮ್ಮು ಕಮ್ಮಿ ಅನ್ನೋ ದೂರು ಬೇರೆ. 24 ಚಿಲ್ಲರೆ ಕುದುರೆಶಕ್ತಿ, 199 ಕೆಜಿ. ಜನ ಅದನ್ನು ಟ್ರ್ಯಾಕ್ಟರ್ ಅಂತಿದ್ದರು. ಪ್ರೀತಿಯಿಂದ ಅನ್ನೋರೂ ಇದ್ದರು, ಇಲ್ಲದೋರೂ ಇದ್ದರು.

ಇದೆಲ್ಲ ಓದಿದ ಮೇಲೆ ನನಗೆ ಸ್ಪಷ್ಟವಾಯ್ತು. ಗಾಳಿಸುದ್ದಿ ಅಲ್ಲ, ನಿಲ್ಲುತ್ತೆ. ಪ್ರಶ್ನೆ ಇಷ್ಟೇ: ನಿಲ್ಲೋ ಗಾಡಿಯನ್ನು ಗೊತ್ತಿದ್ದೂ ಕೊಳ್ಳಬೇಕಾ?

ಆಫೀಸಿನಲ್ಲಿ ಎಲ್ಲರ ಉತ್ತರ ಒಂದೇ. “ಔಟ್‌ಡೇಟೆಡ್ ಆಗೋದನ್ನ ಯಾರಾದ್ರೂ ತಗೋತಾರಾ? ರೀಸೇಲ್ ಇರಲ್ಲ. ಪಾರ್ಟ್ಸ್ ಸಿಗಲ್ಲ. ಆರು ತಿಂಗಳು ತಡಿ.” ಆರು ತಿಂಗಳು ತಡೆದು, ಹೊಸದು ಬಂದು, ಅದರ ಮೇಲೆ ನನ್ನ ಕಾಲು ಗಾಳಿಯಲ್ಲಿ ತೂಗಾಡಿದರೆ? ಆಗ ಹಳೇದೂ ಇಲ್ಲ, ಹೊಸದೂ ಇಲ್ಲ. ಈ ಮಾತು ಅವರ್‍ಯಾರಿಗೂ ಅರ್ಥವಾಗಲಿಲ್ಲ. ಅವರೆಲ್ಲ ಐದು ಎಂಟು, ಐದು ಹತ್ತು. ಬೈಕು ಕೊಳ್ಳುವಾಗ ಕಾಲಿನ ಬಗ್ಗೆ ಯೋಚಿಸಿದವರೇ ಅಲ್ಲ.

ಆ ಶನಿವಾರ ಮೈಸೂರಿಗೆ ಹೋದೆ.

ನಮ್ಮ ಮನೆ ಪಡುವಾರಹಳ್ಳಿಯಲ್ಲಿದೆ. ಅಲ್ಲಿಂದ ಯಾದವಗಿರಿ ನಡೆದು ಹೋಗುವಷ್ಟು ಹತ್ತಿರ. ಯಾದವಗಿರಿಯಲ್ಲೇ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು. 1961ರಿಂದ ಅಲ್ಲಿ ಜೆಕೊಸ್ಲೊವಾಕಿಯಾದ ಜಾವಾ ತಯಾರಾಗುತ್ತಿತ್ತು. 1973ರಿಂದ ಯೆಜ್ಡಿ ಅನ್ನೋ ಹೆಸರು, 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಬಾಗಿಲು ಹಾಕಿತು. ಕಾರಣ ಒಂದಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಡೋ ಟೂ ಸ್ಟ್ರೋಕ್ ಎಂಜಿನ್, ಬಿಗಿಯಾಗ್ತಾ ಬಂದ ಹೊಗೆ ನಿಯಮ, 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಥರದ ಗಾಡಿಗಳ ಮೈಲೇಜು. ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು, ಈಗ ರಿಟೈರ್ಡ್. ಅವರ ಹತ್ತಿರ 1984ರ ರೋಡ್‌ಕಿಂಗ್ ಇದೆ. ನಾನು ಬೈಕ್ ಕಲಿತದ್ದು ಅದರಲ್ಲೇ. ಯೆಜ್ಡಿ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ಕರ್ ಬೇರೆ ಗೇರ್ ಬೇರೆ ಅಂತಿಲ್ಲ. ಎಡಗಡೆ ಇರೋ ಒಂದೇ ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರ್. ಮೊದಲ ವಾರ ನಾನು ಕಿಕ್ ಹೊಡೆಯೋಕೆ ಅದರ ಮೇಲೆ ಪೂರ್ತಿ ಹತ್ತಿ ನಿಲ್ಲಬೇಕಾಗಿತ್ತು.

ಕಂಪನಿಯವರು ಯೆಜ್ಡಿಯ ಜಾಹೀರಾತಿಗೆ “ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ” ಅಂತ ಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಊರಿನಲ್ಲಿ ಆ ಮಾತು ಜೋಕಾಯ್ತಂತೆ. ಅಪ್ಪ ಮಾತ್ರ ಆ ಜೋಕಿಗೆ ನಗುತ್ತಿರಲಿಲ್ಲ. “ಫಾರೆವರ್ ಅಂದಿದ್ದು ಬೈಕ್‌ಗೆ ಕಣಮ್ಮ, ಫ್ಯಾಕ್ಟರಿಗಲ್ಲ,” ಅಂತಿದ್ದರು.

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ಅಮ್ಮ ಮೊದಲೇ ಶುರು ಮಾಡಿದರು. “ಅಷ್ಟು ದುಡ್ಡಲ್ಲಿ ಒಂದು ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತು. ಅದೂ ನಿಂತುಹೋಗೋ ಬೈಕಿಗೆ!” ಅಪ್ಪ ಏನೂ ಹೇಳಲಿಲ್ಲ. ಊಟ ಮುಗಿಸಿ, ಕೈ ತೊಳೆದುಕೊಂಡು, ಟೈಲರಿಂಗ್ ಟೇಪು ಮತ್ತೆ ಒಂದು ದಪ್ಪ ನಿಘಂಟು ತಂದರು.

“ಗೋಡೆಗೆ ಒರಗಿ ನಿಂತ್ಕೋ.”

ನಿಘಂಟನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದುಕೊಳ್ಳೋಕೆ ಹೇಳಿ, ಅದರ ಮೇಲಂಚಿನಿಂದ ನೆಲದ ತನಕ ಅಳತೆ ತೆಗೆದರು. ಸೈಕಲ್ ಅಂಗಡಿಯಲ್ಲಿ ಹೀಗೇ ಅಳೀತಾರಂತೆ. ಎಪ್ಪತ್ತಮೂರು ಸೆಂಟಿಮೀಟರ್. ಒಂದು ಹಳೇ ಲಕೋಟೆಯ ಹಿಂದೆ ಬರೆದುಕೊಂಡರು. ಎಂಬತ್ತು ಸೆಂಟಿಮೀಟರ್ ಸೀಟು, ಅದಕ್ಕೆ ಕೂತಾಗ ಸಸ್ಪೆನ್ಶನ್ ಕುಗ್ಗೋದು, ಶೂವಿನ ಅಟ್ಟೆ, ಹಿಮ್ಮಡಿ ಎತ್ತೋದು, ಎಲ್ಲಾ ಕೂಡಿ ಕಳೆದು, “ಸಿಗುತ್ತೆ,” ಅಂದರು. “ಇನ್ನು ಎರಡು ಇಂಚು ಮೇಲೆ ಹೋದ್ರೆ ಸಿಗಲ್ಲ. ಹೊಸದು ಎಷ್ಟಿರುತ್ತೆ?”

“ಗೊತ್ತಿಲ್ಲ.”

“ಸಿಗೋದನ್ನ ತಗೋ ಮತ್ತೆ.”

“ಆಮೇಲೆ ಪಾರ್ಟ್ಸು?”

ಅಪ್ಪ ಎದ್ದು ಹೋಗಿ ಮಂಚದ ಕೆಳಗಿನಿಂದ ಟ್ರಂಕು ಎಳೆದರು. ನಾನು ಚಿಕ್ಕಂದಿನಿಂದ ನೋಡಿದ ಟ್ರಂಕು, ಆದರೆ ಒಳಗೆ ಏನೇನಿದೆ ಅಂತ ಸರಿಯಾಗಿ ನೋಡಿದ್ದು ಅವತ್ತೇ. ಹಾರ್ಲಿಕ್ಸ್ ಬಾಟಲಿಗಳು, ಹಳೇ ಬಿಸ್ಕತ್ ಡಬ್ಬಗಳು. ಪ್ರತಿಯೊಂದರ ಮೇಲೂ ಬಿಳಿ ಟೇಪು ಅಂಟಿಸಿ ಮೇಷ್ಟ್ರ ಅಕ್ಷರದಲ್ಲಿ ಬರೆದಿದ್ದರು. ಪಿಸ್ಟನ್ ರಿಂಗ್. ಕಾಂಟ್ಯಾಕ್ಟ್ ಪಾಯಿಂಟ್. ಕ್ಲಚ್ ಪ್ಲೇಟ್. ಪಕ್ಕದಲ್ಲಿ ವರ್ಷ: 1996, 1997, 1997, 2003. ಕಾರ್ಖಾನೆ ಮುಚ್ಚಿದ ವರ್ಷ ಅಪ್ಪ ತಮ್ಮ ಒಂದು ತಿಂಗಳ ಸಂಬಳದಲ್ಲಿ ಅರ್ಧ ಖರ್ಚು ಮಾಡಿ ಸಿಕ್ಕಿದ ಪಾರ್ಟ್ಸನ್ನೆಲ್ಲ ತಂದು ಹಾಕಿದ್ದರಂತೆ. ಆ ತಿಂಗಳು ಮನೆಯಲ್ಲಿ ಏನಾಯ್ತು ಅಂತ ಅಮ್ಮನನ್ನು ಕೇಳಬೇಡಿ. ಇಪ್ಪತ್ತೇಳು ವರ್ಷದ ಹಿಂದಿನ ಜಗಳ ಆ ರಾತ್ರಿ ಮತ್ತೆ ಶುರುವಾಗಿ ಹನ್ನೊಂದು ಗಂಟೆ ತನಕ ನಡೆಯಿತು.

ಆದರೆ ಅಪ್ಪ ಆ ಟ್ರಂಕಿನ ಬಗ್ಗೆ ಹೇಳಿದ ಇನ್ನೊಂದು ಮಾತು ನನಗೆ ಹೊಸದು. ಅದರೊಳಗಿನ ಅರ್ಧಕ್ಕರ್ಧ ಸಾಮಾನು ಇವತ್ತಿಗೂ ಬಳಸಿಲ್ಲ. ಬೇಕಾಗಲೇ ಇಲ್ಲ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತಿತ್ತು, ಯಾವುದೋ ಊರಿನ ಸಣ್ಣ ವರ್ಕ್‌ಶಾಪಿನಲ್ಲಿ ಅಚ್ಚು ಹೊಯ್ದ ಪಿಸ್ಟನ್ ಸಿಗುತ್ತಿತ್ತು. ಗಾಡಿಗೆ ಓಡಿಸೋರು ಸಾಕಷ್ಟು ಇದ್ದರೆ ಪಾರ್ಟ್ಸ್ ಮಾಡೋರು ಎಲ್ಲಿಂದಲೋ ಹುಟ್ಟಿಕೊಳ್ತಾರೆ. ಸಿಗದೇ ಹೋದದ್ದು ಬೇರೆ. “ಕೈ,” ಅಂದರು ಅಪ್ಪ. ಕಾರ್ಖಾನೆಯಲ್ಲೇ ಕೆಲಸ ಕಲಿತು ಆಮೇಲೆ ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಮೆಕ್ಯಾನಿಕ್, ನಾವೆಲ್ಲ ಭಾಯ್ ಅಂತ ಕರೀತಿದ್ದವರು, ಎಂಜಿನ್ನಿನ ಸದ್ದು ಕೇಳಿ ಟೈಮಿಂಗ್ ಎಷ್ಟು ಹಿಂದಿದೆ ಅಂತ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಪ್ಪನ ರೋಡ್‌ಕಿಂಗ್ ಒಂದು ವರ್ಷ ಕವರ್ ಹೊದ್ದು ನಿಂತಿತ್ತು. ಪಾರ್ಟ್ಸ್ ಇಲ್ಲದೆ ಅಲ್ಲ. ಡಬ್ಬದ ತುಂಬಾ ಇತ್ತು.

ಆಗಸ್ಟ್‌ನಲ್ಲಿ ಆರ್‌ಡಿ ಮುರಿದೆ. ಬಡ್ಡಿ ಸ್ವಲ್ಪ ಹೋಯ್ತು. ಆನ್‌ರೋಡ್ ಎರಡೂವರೆ ಲಕ್ಷ ದಾಟಿತು. ಈ ಸಲ ತಮ್ಮನನ್ನು ಕರೆದುಕೊಂಡು ಹೋಗಲಿಲ್ಲ, ಹಾಗಾಗಿ ಇಎಂಐ ವಿವರ ನನಗೇ ಸಿಕ್ಕಿತು.

ಮೂರು ತಿಂಗಳಿಗೆ, ನವೆಂಬರ್ 24ಕ್ಕೆ, ಹೊಸ ಹಿಮಾಲಯನ್ 450 ಬಂತು. ಗೋವಾದ ಜಾತ್ರೆಯಂಥ ಕಾರ್ಯಕ್ರಮದಲ್ಲಿ ಬೆಲೆ ಹೇಳಿದರು, ಶುರುವಿನ ಬೆಲೆ 2.69 ಲಕ್ಷ. 452 ಸಿಸಿ, ಕೂಲೆಂಟ್ ಇರೋ ಎಂಜಿನ್, ಆರು ಗೇರು. ಹಳೇದು ನಿಂತಿತು. ನಾನು ಮೊದಲು ಹುಡುಕಿದ್ದು ಒಂದೇ ಸಂಖ್ಯೆ. ಸೀಟು 825. ಅಬ್ಬ, ಬಚಾವಾದೆ ಅಂದುಕೊಂಡೆ. ಮುಂದಿನ ಸಾಲು ಓದಿದೆ: ಬೇಕಾದವರಿಗೆ ತಗ್ಗಿನ ಸೀಟು ಸಿಗುತ್ತೆ, ಅದರಲ್ಲಿ 805.

ಅಂದರೆ ನನ್ನ ಗಾಡಿಗಿಂತ ಐದು ಮಿಲಿಮೀಟರ್ ಹೆಚ್ಚು. ಒಂದು ಪೆನ್ಸಿಲ್ಲಿನ ದಪ್ಪವೂ ಇಲ್ಲ.

ಹೊಸದು ಮೂರು ಕೆಜಿ ಹಗುರ ಬೇರೆ. ನಾನು ಹೆದರಿ ಅವಸರ ಮಾಡಿದೆನಾ? ಮಾಡಿದೆ, ಒಪ್ಪಿಕೊಳ್ತೀನಿ. ಒಂದು ವಾರ ಅಪ್ಪನಿಗೆ ಈ ವಿಷಯ ಹೇಳಲೇ ಇಲ್ಲ. ಹೇಳಿದಾಗ ಅವರು, “ಲಕೋಟೆಯಲ್ಲಿ ಬರೆದಾಗ ಗೊತ್ತಿದ್ದಿದ್ದು ಅಷ್ಟೇ ಅಲ್ವಾ,” ಅಂತ ಪೇಪರ್ ಓದೋಕೆ ಶುರು ಮಾಡಿದರು.

ನನಗೆ ತಲೆಯಲ್ಲಿ ಓಡುತ್ತಿದ್ದದ್ದು ಇನ್ನೊಂದು. ಹಿಮಾಲಯನ್ ಅನ್ನೋ ಹೆಸರು ಉಳಿಯಿತು, ಒಳಗಿನ ಎಂಜಿನ್ ಬೇರೆ. 2025ರ ಜನವರಿಯಲ್ಲಿ ನನ್ನ ಗಾಡಿಯ ಎಂಜಿನ್ನನ್ನೇ 443 ಸಿಸಿಗೆ ಹಿಗ್ಗಿಸಿ, ಆರು ಗೇರು ಕೊಟ್ಟು, ಸ್ಕ್ರಾಮ್ 440 ಅಂತ ಬಿಟ್ಟರು. ಅಂದರೆ ಎಂಜಿನ್ ಉಳಿಯಿತು, ಹೆಸರು ಬೇರೆ. ಹಾಗಾದರೆ ನಿಂತದ್ದು ಯಾವುದು? ಯೆಜ್ಡಿಯ ಕತೆ ಇನ್ನೂ ಮಜಾ. 2022ರ ಜನವರಿಯಲ್ಲಿ ಆ ಹೆಸರು ವಾಪಸ್ ಬಂತು. 334 ಸಿಸಿ ಫೋರ್ ಸ್ಟ್ರೋಕ್, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಿ. ಅಪ್ಪ ಒಂದು ಸುತ್ತು ಓಡಿಸಿ ನೋಡಿದರು. “ಒಳ್ಳೇ ಗಾಡಿ,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಕಿಕ್ಕರ್ ಇಲ್ಲ,” ಅಂದರು. ಹೊಗಳಿದ್ದಾ ತೆಗಳಿದ್ದಾ ಗೊತ್ತಾಗಲಿಲ್ಲ.

ಆಗ ಗೊತ್ತಾಗಲಿಲ್ಲ ಅಂತ ಹೇಳಬೇಕು. ಕಳೆದ ವರ್ಷ ಗೊತ್ತಾಯ್ತು. ಅಪ್ಪನ ಎಡಮಂಡಿ ಸವೆದಿದೆ. ಡಾಕ್ಟರು ಮೆಟ್ಟಿಲು ಕಮ್ಮಿ ಮಾಡಿ ಅಂದರು. ಕಿಕ್ ಹೊಡೀಬೇಡಿ ಅಂತ ಅವರು ಹೇಳಲಿಲ್ಲ, ಅವರಿಗೆ ಯೆಜ್ಡಿ ವಿಷಯ ಗೊತ್ತಿರಲಿಲ್ಲ. ಅಪ್ಪನೂ ಹೇಳಲಿಲ್ಲ. ಯೆಜ್ಡಿಯ ಕಿಕ್ಕರ್ ಎಡಗಡೆ. ಒಂದು ಭಾನುವಾರ ಬೆಳಗ್ಗೆ ನಾನು ಮನೆಯಲ್ಲಿದ್ದಾಗ, ಹೊರಗೆ ಅವರು ಕಿಕ್ ಹೊಡೆಯೋ ಸದ್ದು ಕೇಳುತ್ತಿತ್ತು. ಒಂದು, ಎರಡು, ನಾಲ್ಕು. ಆಮೇಲೆ ಸದ್ದಿಲ್ಲ. ಹೊರಗೆ ಬಂದು ನೋಡಿದರೆ ಟ್ಯಾಂಕಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದರು. ಗಾಡಿಯಲ್ಲಿ ಏನೂ ತೊಂದರೆ ಇರಲಿಲ್ಲ. ನಾನು ಹೊಡೆದೆ, ಎರಡನೇ ಕಿಕ್ಕಿಗೆ ಶುರುವಾಯ್ತು. ಅಪ್ಪ ಥ್ಯಾಂಕ್ಸ್ ಅನ್ನಲಿಲ್ಲ. ನಾನೂ ಏನೂ ಮಾತಾಡಲಿಲ್ಲ.

ನವೆಂಬರಿನಲ್ಲಿ ಮಳೆ ನಿಂತ ಮೇಲೆ, “ತಲಕಾವೇರಿಗೆ ಹೋಗೋಣ, ನನ್ ಗಾಡೀಲಿ, ಹಿಂದೆ ಕೂತ್ಕೊಳ್ಳಿ,” ಅಂದೆ. 1986ರಲ್ಲಿ ಮದುವೆಯಾದ ಹೊಸತರಲ್ಲಿ ಅಪ್ಪ ಅಮ್ಮ ರೋಡ್‌ಕಿಂಗ್‌ನಲ್ಲಿ ಹೋಗಿದ್ದ ಜಾಗ ಅದು. ಅಪ್ಪನ ಪ್ರಕಾರ ಅದೊಂದು ಅದ್ಭುತ ಪ್ರವಾಸ. ಅಮ್ಮನ ಪ್ರಕಾರ ಭಾಗಮಂಡಲದ ಹತ್ತಿರ ಪೆಟ್ರೋಲ್ ಖಾಲಿಯಾಗಿ, ರೇಷ್ಮೆ ಸೀರೆಯಲ್ಲಿ ಗಾಡಿ ತಳ್ಳಿದ ಪ್ರವಾಸ. ಅಪ್ಪ ಹಿಂದೆ ಕೂರೋಕೆ ಒಪ್ಪಲ್ಲ ಅಂದುಕೊಂಡಿದ್ದೆ. “ಟ್ಯಾಂಕ್ ಎಷ್ಟು ಲೀಟರ್?” ಅಂದರು. ಹದಿನೈದು ಅಂದೆ. ಅಮ್ಮ ಒಳಗಿನಿಂದಲೇ, “ತುಂಬಿಸ್ಕೊಂಡು ಹೋಗಿ,” ಅಂದರು.

ಹುಣಸೂರು ದಾಟಿ ಕುಶಾಲನಗರದಲ್ಲಿ ಕಾಫಿಗೆ ನಿಲ್ಲಿಸಿದಾಗ, ಪಕ್ಕದಲ್ಲೇ ಒಬ್ಬ ಹುಡುಗ ಹೊಸ 450 ತಂದು ನಿಲ್ಲಿಸಿದ. ಅವನು ನನ್ನ ಗಾಡಿ ನೋಡಿದ, ನಾನು ಅವನದನ್ನು ನೋಡಿದೆ. “ಅಕ್ಕ, ಕೂತು ನೋಡಿ,” ಅಂದ. ಕೂತೆ. ಮಾಮೂಲಿ ಸೀಟು, ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ. ಆದರೆ ಗಾಡಿ ಎಷ್ಟು ಚೆನ್ನಾಗಿತ್ತು ಅಂದರೆ, ಸುಳ್ಳು ಹೇಳೋದು ಬೇಡ, ಹೊಟ್ಟೆಕಿಚ್ಚಾಯ್ತು. ಅವನದಕ್ಕೆ ಬೇರೆ ಚಿಂತೆ. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ, 350 ಸಿಸಿ ತನಕದ ಬೈಕಿಗೆ ಶೇಕಡಾ 18, ಅದರ ಮೇಲಿನದಕ್ಕೆ 40 ಆಗಿದೆ. “ಜನ ಎಲ್ಲ 350 ಕಡೆ ಹೋದ್ರೆ ಇದನ್ನೂ ನಿಲ್ಲಿಸ್ತಾರೇನೋ ಅಕ್ಕ,” ಅಂದ. ಅವನ ಗಾಡಿಗೆ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಅಪ್ಪ ಕಾಫಿ ಲೋಟ ಕೆಳಗಿಟ್ಟು ಅವನನ್ನು ನೋಡಿದ ರೀತಿ ನೋಡಬೇಕಿತ್ತು. ಕ್ಲಾಸಿನಲ್ಲಿ ಒಬ್ಬ ಒಳ್ಳೇ ಪ್ರಶ್ನೆ ಕೇಳಿದಾಗ ಮೇಷ್ಟ್ರು ನೋಡ್ತಾರಲ್ಲ, ಹಾಗೆ. “ಒಳ್ಳೇ ಮೆಕ್ಯಾನಿಕ್ ಇದಾರಾ ನಿಮ್ಮೂರಲ್ಲಿ?” ಅಂತ ಕೇಳಿದರು. ಹುಡುಗನಿಗೆ ಸಂಬಂಧ ಗೊತ್ತಾಗಲಿಲ್ಲ.

ಮಡಿಕೇರಿಯಿಂದ ಮುಂದೆ ಟ್ರ್ಯಾಕ್ಟರ್ ತನ್ನ ಕೆಲಸ ಶುರು ಮಾಡಿತು. ಈ ಎಂಜಿನ್ನಿನ ಸಿಲಿಂಡರ್ 78 ಮಿ.ಮೀ. ಅಗಲ, ಆದರೆ ಪಿಸ್ಟನ್ ಓಡೋ ದೂರ 86. ಉದ್ದದ ಹೊಡೆತ. ಅದಕ್ಕೇ ವೇಗ ಕಮ್ಮಿ, ಆದರೆ ಕಡಿಮೆ ವೇಗದಲ್ಲೇ ಎಳೆತ ಜಾಸ್ತಿ. ಮೂರನೇ ಗೇರಿನಲ್ಲಿ ಹಾಕಿ ಬಿಟ್ಟರೆ ಇಬ್ಬರನ್ನು ಕೂರಿಸಿಕೊಂಡು ತಿರುವುಗಳನ್ನು ಗೊಣಗುತ್ತಾ ಹತ್ತುತ್ತೆ. ಅಪ್ಪ ಬೆನ್ನ ಹಿಂದಿನಿಂದ, “ಸ್ವಲ್ಪ ನಮ್ಮದರ ಥರಾನೇ ಇದೆ,” ಅಂದರು. ಟೂ ಸ್ಟ್ರೋಕ್‌ಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ. ನಾನು ಹೌದು ಅಂದೆ.

ಭಾಗಮಂಡಲ ದಾಟಿ ತಲಕಾವೇರಿಗೆ ಎಂಟು ಕಿಲೋಮೀಟರ್ ಏರು. ಮಧ್ಯದ ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು, ಮುಂದಿನ ಕಾರು ಗಕ್ಕನೆ ನಿಂತಿತು, ನಾನೂ ನಿಲ್ಲಿಸಿದೆ. ಏರಿನಲ್ಲಿ, ತಿರುವಿನಲ್ಲಿ, ಅಪ್ಪ ಹಿಂದೆ, ಗಾಡಿ ಒಂದು ಕಡೆ ವಾಲುತ್ತಿದೆ. ಬಲಗಾಲು ಬ್ರೇಕಿನ ಮೇಲೆ. ಎಡಗಾಲು ಕೆಳಗೆ ಬಿಟ್ಟೆ. ಪಾದದ ಮುಂಭಾಗ ಟಾರಿಗೆ ತಾಗಿತು, ಊರಿಕೊಂಡಿತು. ತೊಡೆ ನಡುಗುತ್ತಿತ್ತು, ಆದರೆ ಗಾಡಿ ನಿಂತಿತು. ಬಸ್ಸು ಹೋಗೋಕೆ ಎಷ್ಟು ಹೊತ್ತು ತಗೊಂಡಿತೋ, ನನಗೆ ಅರ್ಧ ಗಂಟೆ ಅನ್ನಿಸಿತು. ಅಪ್ಪ ಅಷ್ಟು ಹೊತ್ತೂ ಕಲ್ಲಿನ ಹಾಗೆ ಅಲುಗದೆ ಕೂತಿದ್ದರು. ಹಿಂದೆ ಕೂತವರು ಅಲುಗಿದರೆ ಏನಾಗುತ್ತೆ ಅಂತ ಅವರಿಗೆ ಗೊತ್ತು. ಮತ್ತೆ ಹೊರಟ ಮೇಲೆ, ನನ್ನ ಹೆಲ್ಮೆಟ್ಟಿನ ಮೇಲೆ ಒಂದು ಸಲ ಬೆರಳಿನಿಂದ ತಟ್ಟಿದರು.

805 ಇದ್ದಿದ್ದರೂ ತಾಗುತ್ತಿತ್ತೇನೋ. ಇರಬಹುದು. ಅವತ್ತು ತಾಗಿದ್ದು 800.

ವಾಪಸ್ ಬಂದ ವಾರ ಸರ್ವಿಸ್‌ಗೆ ಬಿಟ್ಟಾಗ ಕ್ಲಚ್ ಕೇಬಲ್ ಬದಲಾಯಿಸಿದರು. ಎರಡು ವರ್ಷದ ಓಡಾಟಕ್ಕೆ ಸಹಜ. ಕೌಂಟರಿನಲ್ಲಿ ಪಾರ್ಟ್ ಇದೆಯಾ ಅಂತ ಭಯದಿಂದ ಕೇಳಿದೆ. ಹುಡುಗ ಕಂಪ್ಯೂಟರ್ ನೋಡಲೂ ಇಲ್ಲ, ಕೈ ಹಿಂದೆ ಚಾಚಿ ತೆಗೆದುಕೊಟ್ಟ. “ಇನ್ನೂ ಎರಡು ಕೊಡಿ,” ಅಂದೆ. “ಯಾಕೆ ಮೇಡಂ, ಯಾವಾಗ ಬಂದ್ರೂ ಸಿಗುತ್ತೆ,” ಅಂದ. ಕೊಡಿ ಅಂದೆ. ಆಮೇಲೆ ಆ ಗಾಡಿಯನ್ನು ಸರ್ವಿಸ್ ಮಾಡಿದ ಮೆಕ್ಯಾನಿಕ್ ಹತ್ತಿರ ಹೋಗಿ, ಕೇಬಲ್ ಹೇಗೆ ಹಾಕೋದು ಅಂತ ತೋರಿಸಿಕೊಡ್ತೀರಾ ಅಂತ ಕೇಳಿದೆ. ವಿಚಿತ್ರವಾಗಿ ನೋಡಿದ. ನಂತರ ಒಂದು ಸ್ಟೂಲು ಎಳೆದು ಕೊಟ್ಟ. ಇಪ್ಪತ್ತೈದು ವರ್ಷದವನಿರಬೇಕು. ಅದೊಂದು ಸಮಾಧಾನ.

ಒಂದು ಕೇಬಲ್ ಬೈಕಿನ ಟೂಲ್ ಬ್ಯಾಗಿನಲ್ಲಿದೆ. ಇನ್ನೊಂದನ್ನು ಮೈಸೂರಿಗೆ ತಗೊಂಡು ಹೋದೆ. ಅಪ್ಪ ಖಾಲಿ ಹಾರ್ಲಿಕ್ಸ್ ಬಾಟಲಿ ಹುಡುಕಿ, ಒರೆಸಿ, ಕೇಬಲ್ಲನ್ನು ಸುರುಳಿ ಸುತ್ತಿ ಇಳಿಸಿದರು. ಬಿಳಿ ಟೇಪು ಹರಿದು ಅಂಟಿಸಿ, ಕನ್ನಡಕ ಹಾಕಿಕೊಂಡು ಬರೆದರು: ಹಿಮಾಲಯನ್ 411, ಕ್ಲಚ್ ಕೇಬಲ್, 2025. ಟ್ರಂಕಿನಲ್ಲಿ ಜಾಗ ಮಾಡೋಕೆ ಯೆಜ್ಡಿಯ ಡಬ್ಬಗಳನ್ನು ಪಕ್ಕಕ್ಕೆ ಸರಿಸುತ್ತಿದ್ದಾಗ ಅಮ್ಮ ಬಾಗಿಲ ಹತ್ತಿರ ಬಂದು ನಿಂತರು.

“ಇವಳದೂ ಶುರುವಾಯ್ತಾ?”